ಆಟ ನಮ್ಮದು, ಮುದ್ರೆ ಯಾರದು?

2019ರ ಡಿಸೆಂಬರ್ 9ರಿಂದ 12ರವರೆಗೆ ಕರ್ನಾಟಕದ ರಣಜಿ ತಂಡ ದಿಂಡಿಗಲ್ ಜಿಲ್ಲೆಯ ನತ್ತಂನಲ್ಲಿತ್ತು. ಎದುರಾಳಿ ತಮಿಳುನಾಡು. ಪಂದ್ಯ ನಡೆದದ್ದು ಚೆಪಾಕ್‌ನಂಥ ದೊಡ್ಡ ಕ್ರೀಡಾಂಗಣದಲ್ಲಲ್ಲ, ಎನ್‌ಪಿಆರ್ ಎಂಬ ಖಾಸಗಿ ಕಾಲೇಜಿನ ಮೈದಾನದಲ್ಲಿ. ಕರ್ನಾಟಕ 336 ಮತ್ತು 151, ತಮಿಳುನಾಡು 307 ಮತ್ತು 154. ಗೆಲ್ಲಲು 181 ರನ್ ಬೇಕಿದ್ದ ಆತಿಥೇಯರನ್ನು ಆಫ್ ಸ್ಪಿನ್ನರ್ ಕೆ. ಗೌತಮ್ 60 ರನ್ನಿಗೆ ಎಂಟು ವಿಕೆಟ್ ಕಿತ್ತು ಕೆಡವಿದರು. ಕರ್ನಾಟಕಕ್ಕೆ 26 ರನ್ನಿನ ಗೆಲುವು, ಗೌತಮ್ ಲೆಕ್ಕಕ್ಕೆ ಪಂದ್ಯದಲ್ಲಿ 14 ವಿಕೆಟ್.

ಈ ಹದಿನಾಲ್ಕನ್ನು ಲೆಕ್ಕಕ್ಕೆ ಹಿಡಿದವರು ಯಾರು? ಅದೇ ಇಪ್ಪತ್ತೆರಡು ಮಂದಿ, ಅದೇ ಪಿಚ್ಚು, ಅದೇ ಚೆಂಡು ಇಟ್ಟುಕೊಂಡು ಕಾಲೇಜಿನ ಆಡಳಿತ ಮಂಡಳಿಯೇ ನಾಲ್ಕು ದಿನದ ಪಂದ್ಯ ಏರ್ಪಡಿಸಿದ್ದರೆ ಗೌತಮ್ ಬೌಲಿಂಗ್ ಅಷ್ಟೇ ಚೆನ್ನಾಗಿರುತ್ತಿತ್ತು, ಆದರೆ ಅವರ ವೃತ್ತಿಜೀವನದ ಅಂಕಿಅಂಶಕ್ಕೆ ಒಂದು ವಿಕೆಟ್ ಕೂಡ ಸೇರುತ್ತಿರಲಿಲ್ಲ. ಪಂದ್ಯವೊಂದು ಪ್ರಥಮ ದರ್ಜೆಯದು ಎನಿಸಿಕೊಳ್ಳಬೇಕಾದರೆ ಮೂರು ದಿನ ಅಥವಾ ಅದಕ್ಕೂ ಹೆಚ್ಚು ನಿಗದಿಯಾಗಿರಬೇಕು, ಹನ್ನೊಂದು ಹನ್ನೊಂದು ಮಂದಿ ಆಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಆಯಾ ದೇಶದ ಆಡಳಿತ ಸಂಸ್ಥೆ ಅದನ್ನು ಹಾಗೆಂದು ಒಪ್ಪಿರಬೇಕು. ಈ ವ್ಯಾಖ್ಯೆ ಬರೆದದ್ದು 1947ರಲ್ಲಿ, ಲಂಡನ್ನಿನಲ್ಲಿ ಕೂತಿದ್ದ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್. ಇಂದಿನ ಐಸಿಸಿಯ ಹಳೆಯ ಹೆಸರು ಅದು.

ನತ್ತಂನಲ್ಲಿ ಬಿದ್ದ ವಿಕೆಟ್ಟಿಗೆ ಮುದ್ರೆ ಬೀಳುವುದು ಹೀಗೆ: ಜಿಲ್ಲಾ ಕ್ರಿಕೆಟ್ ಸಂಸ್ಥೆಗಳ ಮೇಲೆ ತಮಿಳುನಾಡು ಕ್ರಿಕೆಟ್ ಸಂಸ್ಥೆ (ಟಿಎನ್‌ಸಿಎ), ಅದರ ಮೇಲೆ ಬಿಸಿಸಿಐ, ಅದರ ಮೇಲೆ ದುಬೈನಲ್ಲಿ ಐಸಿಸಿ. ಸರ್ಕಾರ ಈ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಬಿಸಿಸಿಐ ಅನ್ನುವುದು ಕಾನೂನಿನ ಕಣ್ಣಿಗೆ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಒಂದು ಸಂಘ, ಅಷ್ಟೇ. ನಿಮ್ಮ ಬಡಾವಣೆಯ ನಿವಾಸಿಗಳ ಸಂಘ ಯಾವ ಬಗೆಯ ಕಾಯ್ದೆಯಡಿ ನೋಂದಾಯಿತವೋ ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯೂ ಅದೇ ಬಗೆಯ ಕಾಯ್ದೆಯ ಕೂಸು.

ಐಸಿಸಿ ಹುಟ್ಟಿದ್ದು 1909ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ. ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೂವರೇ ಸದಸ್ಯರು. 1926ರಲ್ಲಿ ಭಾರತ, ವೆಸ್ಟ್ ಇಂಡೀಸ್, ನ್ಯೂಜಿಲೆಂಡ್‌ಗಳನ್ನು ಸೇರಿಸಿಕೊಂಡರು. ಬಿಸಿಸಿಐ ಸ್ಥಾಪನೆಯಾದದ್ದು 1928ರ ಡಿಸೆಂಬರ್‌ನಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕ್ರೀಡಾ ಇತಿಹಾಸದಲ್ಲಿ ಸಿಗಲಿಕ್ಕಿಲ್ಲ. 1965ರಲ್ಲಿ 'ಇಂಪೀರಿಯಲ್' ಹೋಗಿ 'ಇಂಟರ್‌ನ್ಯಾಷನಲ್' ಬಂತು, 2005ರಲ್ಲಿ ಕಚೇರಿ ದುಬೈಗೆ ಹೋಯಿತು. ಈಗ ಪೂರ್ಣ ಸದಸ್ಯರು 12, ಸಹ ಸದಸ್ಯರು ತೊಂಬತ್ತಕ್ಕೂ ಹೆಚ್ಚು. ಟೆಸ್ಟ್ ಆಡುವ ಹಕ್ಕು ಇರುವುದು ಆ ಹನ್ನೆರಡು ಮಂದಿಗೆ ಮಾತ್ರ. ಹಣದ ಹಂಚಿಕೆಯಲ್ಲಂತೂ ಸಮಾನತೆಯ ಸೋಗೂ ಇಲ್ಲ: 2024ರಿಂದ 2027ರವರೆಗಿನ ಆದಾಯದಲ್ಲಿ ಭಾರತದ ಪಾಲು ಶೇ 38.5.

ಫುಟ್‌ಬಾಲ್‌ನ ಫಿಫಾದ ರೀತಿ ಬೇರೆ. 1904ರಲ್ಲಿ ಪ್ಯಾರಿಸ್‌ನಲ್ಲಿ ಏಳು ದೇಶಗಳು ಸೇರಿ ಕಟ್ಟಿದ ಸಂಘದಲ್ಲಿ ಈಗ 211 ಸದಸ್ಯರು, ಎಲ್ಲರಿಗೂ ಒಂದೊಂದೇ ಮತ. ಐದು ಸಲ ವಿಶ್ವಕಪ್ ಗೆದ್ದ ಬ್ರೆಜಿಲ್‌ಗೂ ಒಂದು, ಕೆಲವೇ ಸಾವಿರ ಜನಸಂಖ್ಯೆಯ ಮಾಂಟ್ಸೆರಾಟ್ ದ್ವೀಪಕ್ಕೂ ಒಂದು. ಕೇಳಲು ಬಹಳ ಪ್ರಜಾಸತ್ತಾತ್ಮಕ. ಆದರೆ ಗೆಲ್ಲಬೇಕೆಂದು ಹೊರಟ ಅಧ್ಯಕ್ಷನಿಗೆ ನೂರು ಸಣ್ಣ ದೇಶಗಳ ಪದಾಧಿಕಾರಿಗಳನ್ನು ಖುಷಿಪಡಿಸುವುದು ಹತ್ತು ದೊಡ್ಡ ದೇಶಗಳನ್ನು ಒಪ್ಪಿಸುವುದಕ್ಕಿಂತ ಸುಲಭ ಎನ್ನುವುದೂ ಅದರಷ್ಟೇ ನಿಜ. ಒಂದು ಕಡೆ ದುಡ್ಡಿದ್ದವನ ಯಜಮಾನಿಕೆ, ಇನ್ನೊಂದು ಕಡೆ ಮತಬ್ಯಾಂಕಿನ ಯಜಮಾನಿಕೆ. ಇವೆರಡರಲ್ಲಿ ಯಾವುದು ವಾಸಿ ಎಂದು ಕೇಳಿದರೆ ನನಗೆ ಫಿಫಾದ ರೀತಿಯೇ ಸ್ವಲ್ಪ ಮೇಲು ಅನಿಸುತ್ತದೆ. ಅಲ್ಲಿ ಸಣ್ಣವನಿಗೆ ಕೊನೆಗೆ ಒಂದು ಮೈದಾನವಾದರೂ ಸಿಗುತ್ತದೆ.

ಈ ವಿಶ್ವ ಸಂಸ್ಥೆಗಳನ್ನು ವಿಶ್ವಸಂಸ್ಥೆ ಹುಟ್ಟುಹಾಕಿಲ್ಲ, ಯಾವ ಸರ್ಕಾರಗಳ ಒಪ್ಪಂದದಿಂದಲೂ ಅವು ಬಂದಿಲ್ಲ. ಬಹುಪಾಲು ಸಂಸ್ಥೆಗಳು ಸ್ವಿಟ್ಜರ್ಲೆಂಡಿನಲ್ಲಿವೆ. ಅಲ್ಲಿನ ನಾಗರಿಕ ಸಂಹಿತೆಯ 60ನೇ ವಿಧಿಯ ಪ್ರಕಾರ ಸಂಘ ಕಟ್ಟಲು ಲಿಖಿತ ನಿಯಮಾವಳಿ ಇದ್ದರೆ ಸಾಕು. 1894ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದರೆ ಐಒಸಿ, ಮಹಾಯುದ್ಧದ ನಡುವೆ 1915ರಲ್ಲಿ ಲೂಸಾನ್ ನಗರಕ್ಕೆ ಬಂದು ನೆಲೆಸಿತು. ಮಿಕ್ಕವು ಒಂದೊಂದಾಗಿ ಅದರ ಬೆನ್ನಿಗೆ ಬಂದವು. ಕ್ರೀಡಾ ವ್ಯಾಜ್ಯಗಳನ್ನು ತೀರ್ಮಾನಿಸುವ, 1984ರಲ್ಲಿ ಶುರುವಾದ ಪಂಚಾಯ್ತಿ ನ್ಯಾಯಾಲಯವೂ ಅದೇ ಊರಲ್ಲಿದೆ.

ಹಾಗಾದರೆ ಇವರ ಮಾತು ನಡೆಯುವುದು ಯಾವ ಬಲದಿಂದ? ಒಂದು ಆಟಕ್ಕೆ ಒಂದೇ ವಿಶ್ವ ಸಂಸ್ಥೆ, ಒಂದು ದೇಶಕ್ಕೆ ಒಂದೇ ರಾಷ್ಟ್ರೀಯ ಸಂಸ್ಥೆ ಎಂಬ ಕಟ್ಟಳೆಯ ಬಲದಿಂದ. ಬೇರೊಬ್ಬರು ಅದೇ ಆಟ ಆಡಿಸಿದರೆ ಜೈಲಿಗೆ ಹಾಕುವವರು ಯಾರೂ ಇಲ್ಲ. ಆದರೆ ಅಲ್ಲಿ ಆಡಿದವನಿಗೆ ಇಲ್ಲಿ ಬಾಗಿಲು ಮುಚ್ಚುತ್ತದೆ. 2007ರಲ್ಲಿ ಝೀ ಸಮೂಹ ಇಂಡಿಯನ್ ಕ್ರಿಕೆಟ್ ಲೀಗ್ ಶುರುಮಾಡಿದಾಗ ಆದದ್ದು ಇದೇ. ಕಪಿಲ್ ದೇವ್ ಅದರ ಜತೆ ನಿಂತರು, ಚೆನ್ನೈ ಸೂಪರ್‌ಸ್ಟಾರ್ಸ್ ಮೊದಲ ಪ್ರಶಸ್ತಿ ಗೆದ್ದಿತು, ಟಿವಿಯಲ್ಲಿ ಜನ ನೋಡಿದರು. ಬಿಸಿಸಿಐ ಮನ್ನಣೆ ಕೊಡಲಿಲ್ಲ. ಆಡಿದವರು ದೇಶಿ ಕ್ರಿಕೆಟ್ಟಿನಿಂದ ಹೊರಬಿದ್ದರು. 2009ರಲ್ಲಿ ಲೀಗ್ ಬಿಟ್ಟು ಬಂದವರನ್ನು ಕ್ಷಮಿಸಿ ಒಳಗೆ ಕರೆದುಕೊಂಡರು. ಆ ಲೀಗಿನ ರನ್ನು, ವಿಕೆಟ್ಟುಗಳಿಗೆ ಅಧಿಕೃತ ಟಿ20 ದಾಖಲೆಯಲ್ಲಿ ಇವತ್ತಿಗೂ ಜಾಗವಿಲ್ಲ. ಆದರೆ 2016ರಲ್ಲಿ ಶುರುವಾದ ತಮಿಳುನಾಡು ಪ್ರೀಮಿಯರ್ ಲೀಗ್‌ಗೆ ಮೇಲಿನವರ ಒಪ್ಪಿಗೆ ಇತ್ತು. ದಿಂಡಿಗಲ್ ಹೆಸರಿನದೇ ಒಂದು ತಂಡ, ನತ್ತಂ ಅದರ ಒಂದು ನೆಲೆ. ಎರಡೂ ಲೀಗಿನಲ್ಲಿ ಆಡಿದ್ದು ಒಂದೇ ಆಟ.

ಐಒಸಿಯ ಮನ್ನಣೆಯಲ್ಲೂ ಮೆಟ್ಟಿಲುಗಳಿವೆ. ಒಲಿಂಪಿಕ್ಸ್‌ನಲ್ಲಿ ಆಡಿಸುವ ಕ್ರೀಡೆಗಳ ಸಂಸ್ಥೆಗಳು ಮೇಲಿನ ಮೆಟ್ಟಿಲು. ಮನ್ನಣೆ ಇದ್ದೂ ಪದಕ ಇಲ್ಲದವು ಅದರ ಕೆಳಗಿನದು. ಚೆಸ್ ಅಲ್ಲಿದೆ: 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಫಿಡೆಗೆ 1999ರಲ್ಲಿ ಐಒಸಿ ಮನ್ನಣೆ ಸಿಕ್ಕಿತು, ಒಲಿಂಪಿಕ್ಸ್ ಇನ್ನೂ ಸಿಕ್ಕಿಲ್ಲ. ಕ್ರಿಕೆಟ್ ಕೂಡ ಬಹುಕಾಲ ಹೊರಗಿತ್ತು. 1900ರ ಪ್ಯಾರಿಸ್‌ನಲ್ಲಿ ಒಂದೇ ಒಂದು ಸಲ ಆಡಿಸಿ ಬಿಟ್ಟಿದ್ದ ಆಟವನ್ನು 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಐಒಸಿ ಅಧಿವೇಶನ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು. ಮನ್ನಣೆ ಬೇಕಾದವರು ಒಲಿಂಪಿಕ್ ಸನ್ನದು ಒಪ್ಪಬೇಕು, ಉದ್ದೀಪನ ಮದ್ದಿನ ತಡೆಗೆ ವಾಡಾ ಸಂಹಿತೆ ಪಾಲಿಸಬೇಕು, ನಾಲ್ಕಾರು ಖಂಡಗಳಲ್ಲಿ ತಮ್ಮ ಆಟ ನಿಜಕ್ಕೂ ನಡೆಯುತ್ತದೆ ಎಂದು ತೋರಿಸಬೇಕು. ಭಾರತದ ನೆಲದ ಆಟಗಳು ಎಡವುವುದು ಈ ಕೊನೆಯದರಲ್ಲಿ.

ಕಬಡ್ಡಿಯನ್ನೇ ನೋಡಿ. ದಿಂಡಿಗಲ್, ತೇನಿ ಕಡೆ ಹಬ್ಬ ಬಂತೆಂದರೆ ಹಳ್ಳಿಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ. ನಮ್ಮ ಮಂಡ್ಯ, ಹಾಸನ, ದಕ್ಷಿಣ ಕನ್ನಡದಲ್ಲೂ ಅಷ್ಟೇ. ಒಂದೊಂದು ಸೀಮೆಯಲ್ಲಿ ಒಂದೊಂದು ಕಟ್ಟಳೆಯಿದ್ದ ಆಟವನ್ನು ಒಂದೇ ನಿಯಮಕ್ಕೆ ತಂದದ್ದು ರಾಷ್ಟ್ರೀಯ ಸಂಸ್ಥೆ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿತು. 2004ರಲ್ಲಿ ಅಂತರರಾಷ್ಟ್ರೀಯ ಕಬಡ್ಡಿ ಫೆಡರೇಷನ್ ಬಂತು. 2014ರಲ್ಲಿ ಪ್ರೊ ಕಬಡ್ಡಿ ಬಂದು ಹಣವೂ ಹರಿಯಿತು. ಐಒಸಿ ಮನ್ನಣೆ ಮಾತ್ರ ಬರಲಿಲ್ಲ.

ಅದಕ್ಕಿಂತ ದೊಡ್ಡ ಪಾಠ ಮನೆಯೊಳಗಿನ ಜಗಳದಲ್ಲಿದೆ. ಭಾರತದ ಕಬಡ್ಡಿ ಫೆಡರೇಷನ್ ದಶಕಗಟ್ಟಲೆ ಒಂದೇ ಕುಟುಂಬದ ಹಿಡಿತದಲ್ಲಿತ್ತೆಂಬ ದೂರು ಕೋರ್ಟಿಗೆ ಹೋಗಿ, 2018ರಲ್ಲಿ ದೆಹಲಿ ಹೈಕೋರ್ಟ್ ಹಳೆಯ ಆಡಳಿತವನ್ನು ತೆಗೆದು ಆಡಳಿತಾಧಿಕಾರಿಯೊಬ್ಬರನ್ನು ಕೂರಿಸಿತು. ನಮ್ಮ ಕಾನೂನಿನ ಪ್ರಕಾರ ಸರಿಯೇ. ಆದರೆ ಅಂತರರಾಷ್ಟ್ರೀಯ ಸಂಸ್ಥೆ ಚುನಾಯಿತ ಪದಾಧಿಕಾರಿಗಳಿಲ್ಲದ ಸಂಸ್ಥೆಯನ್ನು ನಾವು ಒಪ್ಪುವುದಿಲ್ಲ ಎಂದು ಭಾರತವನ್ನೇ ಅಮಾನತಿನಲ್ಲಿಟ್ಟಿತು. 2025ರ ಆರಂಭದಲ್ಲಿ ಇರಾನಿನಲ್ಲಿ ಮಹಿಳೆಯರ ಏಷ್ಯನ್ ಚಾಂಪಿಯನ್‌ಷಿಪ್ ಹತ್ತಿರ ಬಂದಾಗ ಆಟಗಾರ್ತಿಯರೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಆಡಳಿತಾಧಿಕಾರಿ ಚುನಾಯಿತ ಮಂಡಳಿಗೆ ಅಧಿಕಾರ ಬಿಟ್ಟುಕೊಡಲಿ ಎಂದು ಫೆಬ್ರುವರಿಯಲ್ಲಿ ಕೋರ್ಟ್ ಹೇಳಿತು. ತಂಡ ಟೆಹರಾನಿಗೆ ಹೋಗಿ ಮಾರ್ಚ್‌ನಲ್ಲಿ ಚಿನ್ನ ಗೆದ್ದು ಬಂತು. ಐಒಸಿಯ ಮನ್ನಣೆಯೇ ಇಲ್ಲದ ಒಂದು ಖಾಸಗಿ ಸಂಘದ ಷರತ್ತಿಗೆ ದೇಶದ ಅತ್ಯುನ್ನತ ನ್ಯಾಯಾಲಯವೂ ದಾರಿ ಹುಡುಕಿಕೊಡಬೇಕಾಯಿತು. ಸರಪಳಿಯ ಬಿಗಿ ಎಷ್ಟಿದೆ ಎಂದು ತಿಳಿಯಲು ಇದು ಸಾಕು.

ಖೋ ಖೋದ ಕಥೆ ಬೇರೆ ತೆರನದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಆಯಿತು. 23 ದೇಶಗಳು ಬಂದವು. ಪುರುಷರ, ಮಹಿಳೆಯರ ಎರಡೂ ಫೈನಲ್‌ನಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ಗೆದ್ದ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ ಐದು ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಹಣ ಮತ್ತು ಸರ್ಕಾರಿ ಹುದ್ದೆ ಕೊಟ್ಟಿರುವಾಗ ಈ ಐದು ಲಕ್ಷ ಬೇಡ ಎಂದು ಇಬ್ಬರೂ ನಿರಾಕರಿಸಿದರು. ವಿಶ್ವಕಪ್ ಎಂಬ ಹೆಸರೊಂದೇ ಇದ್ದರೆ ಸಾಲದು. ಯಾರ ವಿಶ್ವಕಪ್, ಅದರ ಹಿಂದೆ ಯಾರ ಮುದ್ರೆ ಎನ್ನುವುದರ ಮೇಲೆ ಬೊಕ್ಕಸದ ಬಾಗಿಲು ಎಷ್ಟು ತೆರೆಯಬೇಕೆಂದು ತೀರ್ಮಾನವಾಗುತ್ತದೆ. ಖೋ ಖೋ ಒಲಿಂಪಿಕ್ ಕ್ರೀಡೆಯಾಗಿದ್ದರೆ ನಮ್ಮ ಸರ್ಕಾರ ಐದು ಲಕ್ಷದ ಚೆಕ್ಕು ಹಿಡಿದುಕೊಂಡು ಬರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಯಾವ ಫೆಡರೇಷನ್ನಿನ ಹಂಗೂ ಇಲ್ಲದ ಒಂದು ಆಟವನ್ನು ನೋಡಬೇಕು. ದಿಂಡಿಗಲ್‌ನಿಂದ ನೈರುತ್ಯಕ್ಕೆ ಹೋದರೆ ತೇನಿ, ಅಲ್ಲಿಂದ ಕೆಳಗೆ ಕಂಬಂ ಕಣಿವೆ. ಒಂದು ಮಗ್ಗುಲಿಗೆ ಕೇರಳದ ಏಲಕ್ಕಿ ಬೆಟ್ಟಗಳು, ನಡುವೆ ಮುಲ್ಲಪೆರಿಯಾರ್ ನೀರು ಕುಡಿಯುವ ಬತ್ತದ ಗದ್ದೆ, ದ್ರಾಕ್ಷಿ ಚಪ್ಪರ. ಪೊಂಗಲ್ ಕಳೆದ ಮೇಲೆ ಇಲ್ಲಿನ ಪಲ್ಲವರಾಯನ್‌ಪಟ್ಟಿ, ಅಯ್ಯಂಪಟ್ಟಿಯಂಥ ಊರುಗಳಲ್ಲಿ ಜಲ್ಲಿಕಟ್ಟು ನಡೆಯುತ್ತದೆ.

ಈ ಕಣಿವೆ ಕನ್ನಡಿಗರಿಗೆ ಅಪರಿಚಿತವಾಗಬೇಕಿಲ್ಲ. ತಲೆಮಾರುಗಳ ಹಿಂದೆ ದನಕರುಗಳೊಂದಿಗೆ ದಕ್ಷಿಣಕ್ಕೆ ಬಂದ ಒಕ್ಕಲಿಗರು ಇಲ್ಲಿ ಕಾಪ್ಪಿಲಿಯರು ಎನಿಸಿಕೊಂಡಿದ್ದಾರೆ. ಮನೆಯೊಳಗೆ ಕನ್ನಡ, ಅಂಗಡಿ, ಶಾಲೆ, ಕಚೇರಿಗೆ ತಮಿಳು. ದಿಂಡಿಗಲ್, ಮದುರೆ ಕಡೆಯ ಅನುಪ್ಪರದೂ ಹಾಗೆಯೇ. ಕಂಬಂ ಊರಲ್ಲಿ ಇವರ ನಂದಗೋಪಾಲಸ್ವಾಮಿಯ ದೊಡ್ಡಿಯಿದೆ. ತಮಿಳಿನವರು ಅಲ್ಲಿನ ದನಗಳನ್ನು ತಂಬಿರಾನ್ ಮಾಡು ಎನ್ನುತ್ತಾರೆ; ಮಾಟ್ಟು ಪೊಂಗಲ್ ದಿನ ಸುತ್ತಲಿನ ಊರುಗಳ ಜನ ಪೂಜೆಗೆ ಸಾಲು ನಿಲ್ಲುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಈ ಹಿಂಡಿನ ವಿವರವಿದೆ. ಕನ್ನಡದಲ್ಲಿ ಇವು ದೇವರ ಆವು, ಹಿಂಡಿನ ಮುಂದಾಳು ಪಟ್ಟದ ಆವು. ಹಳೆಯ ಪಟ್ಟದ ಆವು ಸತ್ತರೆ ಹೊಸದನ್ನು ಆರಿಸುವ ಕ್ರಮ ಹೀಗೆ: ಒಳ್ಳೆಯ ದಿನ ನೋಡಿ ಇಡೀ ಹಿಂಡನ್ನು ಕೂಡಿಸುತ್ತಾರೆ, ಕರ್ಪೂರ ಬೆಳಗಿ ಬಾಳೆಹಣ್ಣು, ಅಡಿಕೆ ಇಡುತ್ತಾರೆ, ಹಿಂಡಿನ ಮುಂದೆ ಕಬ್ಬಿನ ಕಟ್ಟು ಹಾಕಿ ಉಸಿರು ಬಿಗಿಹಿಡಿದು ಕಾಯುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ ಕುಂಕುಮ ಬಳಿದು, ಹೂ ಮುಡಿಸಿ ಪಟ್ಟ ಕಟ್ಟುತ್ತಾರೆ.

ನಗಬೇಡಿ. ಇಲ್ಲಿ ಮತದಾರರ ಪಟ್ಟಿಯ ತಕರಾರಿಲ್ಲ, ಆಯ್ಕೆಯಾಗಬೇಕಾದವನು ಮತದಾರರನ್ನು ಪಂಚತಾರಾ ಹೋಟೆಲಿನಲ್ಲಿ ಕೂಡಿಹಾಕುವಂತಿಲ್ಲ, ಎಲ್ಲವೂ ಎಲ್ಲರ ಕಣ್ಣೆದುರು ನಡೆಯುತ್ತದೆ. ನಮ್ಮ ರಾಷ್ಟ್ರೀಯ ಫೆಡರೇಷನ್ನುಗಳ ಚುನಾವಣೆಗಳನ್ನು ಹತ್ತಿರದಿಂದ ಬಲ್ಲವರು ಕಬ್ಬಿನ ಕಟ್ಟೇ ವಾಸಿ ಎಂದಾರು.

ಜಲ್ಲಿಕಟ್ಟಿನ ಮನ್ನಣೆ ಬಂದದ್ದೂ ಕ್ರೀಡಾ ಸಂಸ್ಥೆಗಳ ದಾರಿಯಲ್ಲಲ್ಲ, ಕೋರ್ಟು ಮತ್ತು ಗೆಜೆಟ್ಟಿನ ದಾರಿಯಲ್ಲಿ. 2009ರಲ್ಲಿ ತಮಿಳುನಾಡು ಅದಕ್ಕೊಂದು ನಿಯಂತ್ರಣ ಕಾಯ್ದೆ ಮಾಡಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2017ರ ಜನವರಿಯಲ್ಲಿ ಮರೀನಾ ಕಡಲತೀರದಲ್ಲಿ ಜನ ಜಮಾಯಿಸಿದ ಮೇಲೆ ರಾಜ್ಯ ಮೊದಲು ಸುಗ್ರೀವಾಜ್ಞೆ, ಆಮೇಲೆ ತಿದ್ದುಪಡಿ ಕಾಯ್ದೆ ತಂದಿತು. ಕರ್ನಾಟಕವೂ ಅದೇ ವರ್ಷ ಕಂಬಳಕ್ಕಾಗಿ ತಿದ್ದುಪಡಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಇವೆರಡನ್ನೂ, ಮಹಾರಾಷ್ಟ್ರದ ಕಾಯ್ದೆಯನ್ನೂ ಎತ್ತಿಹಿಡಿಯಿತು. ಈಗ ಯಾವ ಊರಲ್ಲಿ ನಡೆಸಬಹುದೆಂದು ಸರ್ಕಾರ ಗೆಜೆಟ್ಟಿನಲ್ಲಿ ಹೇಳುತ್ತದೆ, ಜಿಲ್ಲಾಧಿಕಾರಿ ಉಸ್ತುವಾರಿ ನೋಡುತ್ತಾರೆ, ಪಶುವೈದ್ಯರು ಹೋರಿ ನೋಡುತ್ತಾರೆ. ಹಿಡಿಯುವವನು ಹಿಣಿಲನ್ನು ಮಾತ್ರ ಹಿಡಿಯಬೇಕು. ಬಾಲ, ಕೊಂಬು ಮುಟ್ಟುವಂತಿಲ್ಲ. ಹದಿನೈದು ಮೀಟರ್, ಅಥವಾ ಮೂವತ್ತು ಸೆಕೆಂಡು, ಅಥವಾ ಹೋರಿಯ ಮೂರು ನೆಗೆತದವರೆಗೆ ಹಿಡಿದಿದ್ದರೆ ಗೆದ್ದ ಹಾಗೆ. ಲೂಸಾನಿನಲ್ಲಿ ಬರೆಯುವ ನಿಯಮ ಪುಸ್ತಕಕ್ಕೆ ಇದು ಏನೂ ಕಡಿಮೆಯಿಲ್ಲ, ಬರೆದವರು ಮಾತ್ರ ಸರ್ಕಾರಿ ಇಲಾಖೆಯವರು. ಅಲಂಗಾನಲ್ಲೂರಿನ ಹತ್ತಿರ 2024ರ ಜನವರಿಯಲ್ಲಿ ಇದಕ್ಕೆಂದೇ ಒಂದು ದೊಡ್ಡ ಕ್ರೀಡಾಂಗಣವೂ ಉದ್ಘಾಟನೆಯಾಯಿತು.

ಜಲ್ಲಿಕಟ್ಟಿಗೂ ಒಂದು ವಿಶ್ವ ಫೆಡರೇಷನ್ ಬೇಕು ಎಂಬ ಉತ್ಸಾಹದ ಮಾತು ಆಗಾಗ ಕೇಳಿಸುತ್ತದೆ. ನನಗೆ ಒಪ್ಪಿಗೆಯಿಲ್ಲ. ಫೆಡರೇಷನ್ನಿಗೆ ಬೇಕಾದದ್ದು ಎಲ್ಲ ಕಡೆ ಒಂದೇ ರೀತಿ ಆಡಬಹುದಾದ ಆಟ. ಇದು ಊರ ದೇವರು, ಊರ ಹೋರಿ, ಊರ ಬಾಗಿಲು ಇದ್ದಲ್ಲಿ ಮಾತ್ರ ನಡೆಯುವಂಥದ್ದು. ಹಾಗೆಂದು ಫೆಡರೇಷನ್ ಇಲ್ಲದಿರುವುದು ಪೂರಾ ಲಾಭವೂ ಅಲ್ಲ. ಪ್ರತಿ ವರ್ಷ ಹಿಡಿಯುವವರೂ ನೋಡಲು ಬಂದವರೂ ಸಾಯುತ್ತಾರೆ, ಗಾಯಗೊಳ್ಳುತ್ತಾರೆ. ಆಟಗಾರನ ಪರ ಮಾತಾಡುವ, ಗಾಯದ ಲೆಕ್ಕ ವರ್ಷ ವರ್ಷ ಇಡುವ, ಮುಂದಿನ ಸಲಕ್ಕೆ ನಿಯಮ ತಿದ್ದುವ ಕೆಲಸ ತಹಶೀಲ್ದಾರರ ಕಚೇರಿಯಿಂದ ಆಗುವಂಥದ್ದಲ್ಲ. ಹಬ್ಬ ಮುಗಿದ ಮೇಲೆ ಅವರಿಗೆ ಬೇರೆ ಕಡತಗಳಿರುತ್ತವೆ.

ಮುದ್ರೆಯ ಬೆಲೆ ಚೆನ್ನಾಗಿ ತಿಳಿಯುವುದು ಅದನ್ನು ಕಿತ್ತುಕೊಂಡಾಗ. 2012ರ ಡಿಸೆಂಬರ್‌ನಲ್ಲಿ ಐಒಸಿ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಮಾನತುಗೊಳಿಸಿತು. 2014ರ ಫೆಬ್ರುವರಿಯಲ್ಲಿ ಸೋಚಿ ಚಳಿಗಾಲದ ಕೂಟದ ಉದ್ಘಾಟನೆಯಲ್ಲಿ ಶಿವ ಕೇಶವನ್ ಮತ್ತು ಜತೆಗಾರರು ತ್ರಿವರ್ಣ ಬಿಟ್ಟು ಒಲಿಂಪಿಕ್ ಧ್ವಜದ ಹಿಂದೆ ನಡೆದರು. 2022ರ ಆಗಸ್ಟ್‌ನಲ್ಲಿ ಫಿಫಾ ಭಾರತದ ಫುಟ್‌ಬಾಲ್ ಫೆಡರೇಷನ್ನನ್ನು ಹನ್ನೊಂದು ದಿನ ಅಮಾನತಿನಲ್ಲಿಟ್ಟಿತು. ಏಷ್ಯನ್ ಕ್ಲಬ್ ಟೂರ್ನಿ ಆಡಲು ಆಗಲೇ ತಾಷ್ಕೆಂಟಿಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಹುಡುಗಿಯರು ಹೋಟೆಲಿನಲ್ಲಿ ಕೂತು ವಾಪಸು ಬಂದರು. ತಪ್ಪು ದೆಹಲಿಯ ಪದಾಧಿಕಾರಿಗಳದು, ಶಿಕ್ಷೆ ತಾಷ್ಕೆಂಟಿನಲ್ಲಿದ್ದವರಿಗೆ. 2023ರ ಆಗಸ್ಟ್‌ನಲ್ಲಿ ಕುಸ್ತಿ ಫೆಡರೇಷನ್ನಿನ ಸರದಿ, ಕಾರಣ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸಲಿಲ್ಲವೆಂದು. ವಿಶ್ವ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಬಾಕ್ಸಿಂಗಿನ ಹಳೆಯ ಸಂಸ್ಥೆಗಿದ್ದ ಮನ್ನಣೆಯನ್ನೇ 2023ರಲ್ಲಿ ಐಒಸಿ ಹಿಂತೆಗೆದುಕೊಂಡಿತು, ಅದೇ ವರ್ಷ ಹುಟ್ಟಿದ ವರ್ಲ್ಡ್ ಬಾಕ್ಸಿಂಗ್‌ಗೆ 2025ರಲ್ಲಿ ತಾತ್ಕಾಲಿಕ ಮನ್ನಣೆ ಕೊಟ್ಟಿತು.

ಇದೆಲ್ಲ ದೊಡ್ಡವರ ಜಗಳ, ನಮಗೇನು ಎನ್ನುವವರು ಸರ್ಕಾರಿ ಕೆಲಸದ ಕ್ರೀಡಾ ಕೋಟಾದ ಅರ್ಜಿ ತೆಗೆದು ನೋಡಬೇಕು. ಕೇಂದ್ರ ಸರ್ಕಾರದ ಸಿಬ್ಬಂದಿ ಇಲಾಖೆ 1980ರಲ್ಲೇ ಹೊರಡಿಸಿದ ಆದೇಶದಲ್ಲಿ ಪ್ರಮಾಣಪತ್ರದ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ಒಂದನೇ ನಮೂನೆ, ಸಹಿ ಹಾಕಬೇಕಾದವರು ಆ ಕ್ರೀಡೆಯ ರಾಷ್ಟ್ರೀಯ ಫೆಡರೇಷನ್ನಿನ ಕಾರ್ಯದರ್ಶಿ. ರಾಜ್ಯಕ್ಕೆ ಆಡಿದವರಿಗೆ ಎರಡನೆಯದು, ಸಹಿ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು. ವಿಶ್ವವಿದ್ಯಾಲಯಕ್ಕೆ ಆಡಿದವರಿಗೆ ಅಲ್ಲಿನ ಕ್ರೀಡಾ ನಿರ್ದೇಶಕರ ಸಹಿ, ಶಾಲಾ ತಂಡಕ್ಕೆ ಆಡಿದವರಿಗೆ ಶಿಕ್ಷಣ ಇಲಾಖೆಯ ಅಧಿಕಾರಿಯದು. ಪದಕದ ಮೇಲೆ ಏನು ಕೆತ್ತಿದೆ ಎಂದು ಯಾರೂ ಕೇಳುವುದಿಲ್ಲ, ಕಾಗದದ ಕೆಳಗಿನ ಸಹಿಯನ್ನಷ್ಟೇ ನೋಡುತ್ತಾರೆ. ಸಹಿ ಹಾಕಿದವನ ಸಂಸ್ಥೆಗೆ ಮನ್ನಣೆ ಇಲ್ಲದಿದ್ದರೆ ಚಿನ್ನದ ಪದಕಕ್ಕೂ ತಗಡಿನ ಬೆಲೆ.

ಮಧ್ಯಮವರ್ಗದ ಮನೆಗಳು ಮೋಸಹೋಗುವುದು ಇಲ್ಲೇ. ತೇನಿ ಜಿಲ್ಲೆಯ ಬೋಡಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕರಾಟೆ ತರಗತಿ ಇಲ್ಲದ ಬೀದಿಯಿಲ್ಲ; ತಮಿಳುನಾಡಿನಲ್ಲಿ ಅದರ ಜತೆಗೆ ಕೋಲು ವರಸೆಯ ಸಿಲಂಬಂ. ಸಿಲಂಬಂಗೆ ಒಳ್ಳೆಯ ದಿನ ಬರುತ್ತಿರುವುದು ನಿಜ, 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿತ್ತು. ಕರಾಟೆಯಲ್ಲಿ ಐಒಸಿ ಒಪ್ಪಿರುವುದು ವಿಶ್ವ ಕರಾಟೆ ಫೆಡರೇಷನ್ ಒಂದನ್ನೇ. ಆದರೆ ಏಳು ಜನ ಸೇರಿ ನಿಯಮಾವಳಿ ಬರೆದುಕೊಟ್ಟರೆ ನಮ್ಮಲ್ಲಿ ಸಂಘ ನೋಂದಾಯಿಸಬಹುದು, ಹೆಸರಿಗೆ 'ಇಂಟರ್‌ನ್ಯಾಷನಲ್' ಸೇರಿಸಿದರೆ ಫ್ಲೆಕ್ಸಿಗೆ ಕಳೆ ಬರುತ್ತದೆ. ನೇಪಾಳ, ಮಲೇಷ್ಯಾ, ಶ್ರೀಲಂಕೆಯಲ್ಲಿ 'ವಿಶ್ವ ಚಾಂಪಿಯನ್‌ಷಿಪ್' ಎಂದು ತಂದೆ ತಾಯಿಯಿಂದ ಪ್ರಯಾಣ, ಪ್ರವೇಶ ಶುಲ್ಕ, ಟ್ರ್ಯಾಕ್‌ಸೂಟಿನ ಹಣ ವಸೂಲಾಗುತ್ತದೆ. ಒಂದು ವಯೋಮಿತಿಯ ಒಂದು ತೂಕಕ್ಕೆ ನಾಲ್ವರೇ ಸ್ಪರ್ಧಿಗಳಿದ್ದರೆ ಎಲ್ಲರ ಕೊರಳಿಗೂ ಏನಾದರೂ ಒಂದು ಬೀಳುತ್ತದೆ. ಊರಿಗೆ ಬಂದರೆ ಹಾರ, ಮೆರವಣಿಗೆ, ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೊ. ನಾವು ಪತ್ರಿಕೆಯವರೂ ಯಾವ ಸಂಸ್ಥೆ, ಎಷ್ಟು ದೇಶ ಎಂದು ಕೇಳದೆ 'ವಿಶ್ವ ಚಾಂಪಿಯನ್' ಎಂದು ಅಚ್ಚು ಹಾಕಿಬಿಡುತ್ತೇವೆ. ಐದಾರು ವರ್ಷ ಕಳೆದು ಹುಡುಗ ಎಂಜಿನಿಯರಿಂಗ್ ಸೀಟಿಗೋ ಪೊಲೀಸ್ ಹುದ್ದೆಗೋ ಅರ್ಜಿ ಹಾಕಿದಾಗ ಕೌಂಟರಿನ ಗುಮಾಸ್ತರು ಪ್ರಮಾಣಪತ್ರ ತಿರುಗಿಸಿ ನೋಡಿ, ಇದು ನಮೂನೆಯಲ್ಲಿಲ್ಲ ಎನ್ನುತ್ತಾರೆ. ಗುಮಾಸ್ತರದು ಏನೂ ತಪ್ಪಿಲ್ಲ.

ನಮ್ಮಲ್ಲಿ ಈವರೆಗೆ ಯಾವ ಫೆಡರೇಷನ್ ಅಸಲಿ ಎಂದು ಹೇಳುತ್ತಿದ್ದದ್ದು ಕೇಂದ್ರ ಕ್ರೀಡಾ ಸಚಿವಾಲಯ, ಅದರ ಕೈಯಲ್ಲಿದ್ದದ್ದು 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆ. ಅದು ಕಾಯ್ದೆಯಾಗಿರಲಿಲ್ಲ, ಹಾಗಾಗಿ ಪ್ರತಿ ಜಗಳವೂ ಹೈಕೋರ್ಟಿಗೆ ಹೋಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಒಪ್ಪಿತು. ಮನ್ನಣೆ ಕೊಡುವ, ಹಿಂಪಡೆಯುವ ಅಧಿಕಾರ ಇನ್ನು ರಾಷ್ಟ್ರೀಯ ಕ್ರೀಡಾ ಮಂಡಳಿಯದು, ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿ. ಬಿಸಿಸಿಐಯೂ ಇದರ ವ್ಯಾಪ್ತಿಗೆ ಬರುತ್ತದೆ, ಆದರೆ ಸರ್ಕಾರದ ದುಡ್ಡು ಪಡೆಯದ ಸಂಸ್ಥೆ ಎಂಬ ಕಾರಣಕ್ಕೆ ಮಾಹಿತಿ ಹಕ್ಕಿನ ಕೈಗೆ ಸಿಗದೆ ಜಾರಿಕೊಂಡಿದೆ. ಇದೊಂದು ರಿಯಾಯಿತಿ ಕೊಡಬಾರದಿತ್ತು ಎಂದೇ ನನ್ನ ಅಭಿಪ್ರಾಯ. ದೇಶದ ಹೆಸರು ಹೊತ್ತ ತಂಡವನ್ನು ಆರಿಸುವವರು ಆ ದೇಶದ ಜನರ ಪ್ರಶ್ನೆಗೆ ಉತ್ತರ ಕೊಡಬೇಕು. ಕಾಯ್ದೆಯ ಮಿಕ್ಕ ಗುಣದೋಷ ತೂಗಲು ಇನ್ನಷ್ಟು ಕಾಲ ಬೇಕು.

ಮಕ್ಕಳನ್ನು ಆಟಕ್ಕೆ ಹಾಕಿರುವ ಓದುಗರಲ್ಲಿ ಒಂದು ಕೇಳಿಕೆ. ಆಟ ಕಲಿಯಲಿ, ಮೈಗೂ ಮನಸ್ಸಿಗೂ ಒಳ್ಳೆಯದು. ಅದಕ್ಕೆ ಯಾರ ಮನ್ನಣೆಯೂ ಬೇಡ. ಆದರೆ ವಿದೇಶದ 'ಚಾಂಪಿಯನ್‌ಷಿಪ್' ಎಂದು ತರಬೇತುದಾರರು ಹಣ ಕೇಳಿದ ದಿನ, ಇದನ್ನು ನಡೆಸುವ ಸಂಸ್ಥೆಯ ಹೆಸರು ಬರೆದುಕೊಡಿ ಎಂದು ಕೇಳಿ. ಆ ಆಟದ ವಿಶ್ವ ಫೆಡರೇಷನ್ನಿನ ಸದಸ್ಯರ ಪಟ್ಟಿಯಲ್ಲಿ ಭಾರತದಿಂದ ಯಾವ ಸಂಸ್ಥೆ ಇದೆ, ಕ್ರೀಡಾ ಸಚಿವಾಲಯದ ಪಟ್ಟಿಯಲ್ಲಿ ಅದೇ ಸಂಸ್ಥೆ ಇದೆಯೇ, ನಿಮ್ಮ ಜಿಲ್ಲೆಯ ತರಬೇತುದಾರರು ಅದರ ರಾಜ್ಯ ಘಟಕಕ್ಕೆ ಸೇರಿದವರೇ ಎಂದು ನೋಡಿ. ಎರಡೂ ಪಟ್ಟಿಗಳು ಸಾರ್ವಜನಿಕವಾಗಿವೆ, ನೋಡಲು ಹಣ ಕೊಡಬೇಕಿಲ್ಲ. ಅನುಮಾನ ಬಂದರೆ ಜಿಲ್ಲಾ ಯುವಜನ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ, ಇವರ ಪ್ರಮಾಣಪತ್ರ ಕೋಟಾಕ್ಕೆ ನಡೆಯುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಉತ್ತರ ಕೈಗೆ ಬರುವವರೆಗೆ ಪಾಸ್‌ಪೋರ್ಟೂ ಬೇಡ, ದುಡ್ಡೂ ಬೇಡ.